ಮತದಾರನ ಕಣ್ಣಿಗೆ ಬೀಳದ ಖರ್ಚು

ಅಮೆರಿಕ ಸಂಯುಕ್ತ ಸಂಸ್ಥಾನದ ಚುನಾವಣೆ ಎಂದೊಡನೆ ಅಧ್ಯಕ್ಷ ಪದವಿಗಾಗಿ ನಡೆಯುವ ಅಬ್ಬರದ ಸ್ಪರ್ಧೆಯೇ ಹೊರಗಿನವರ ಕಣ್ಣಮುಂದೆ ನಿಲ್ಲುತ್ತದೆ. ಆದರೆ ಆ ದೇಶದ ಸಾಮಾನ್ಯ ಗೃಹಸ್ಥನ ಹೊಸ್ತಿಲಿಗೆ ಅತ್ಯಂತ ಸಮೀಪವಾದ ಚುನಾಯಿತ ಸಂಸ್ಥೆ ವಾಷಿಂಗ್‌ಟನ್ನಿನಲ್ಲಿಲ್ಲ; ಅದು ಅವನ ಊರಿನಲ್ಲಿಯೇ ತಿಂಗಳಿಗೊಮ್ಮೆಯೋ ಎರಡು ಸಲವೋ ಸಭೆ ಸೇರುವ ಶಾಲಾ ಮಂಡಲಿ. ಸಾಮಾನ್ಯವಾಗಿ ಅದರಲ್ಲಿ ಐದು ಅಥವಾ ಏಳು ಮಂದಿ ಸದಸ್ಯರು. ಬಹಳಷ್ಟು ಕಡೆ ಅವರಿಗೆ ಸಂಬಳವಿಲ್ಲ, ಇದ್ದರೂ ನಾಮಮಾತ್ರದ್ದು. ಅಂಗಡಿಕಾರರು, ಬೇಸಾಯಗಾರರು, ವಕೀಲರು, ಮಕ್ಕಳನ್ನು ಅದೇ ಶಾಲೆಗೆ ಕಳುಹಿಸುವ ತಾಯಂದಿರು ಇಂಥವರೇ ಹಗಲಿನ ಕೆಲಸ ಮುಗಿಸಿ ಸಂಜೆ ಬಂದು ಈ ಸಭೆಯಲ್ಲಿ ಕುಳಿತುಕೊಳ್ಳುತ್ತಾರೆ. ಅವರ ಕೈಯಲ್ಲಿರುವ ಅಧಿಕಾರವಾದರೋ ಅಲ್ಪವಲ್ಲ. ಶಾಲೆಗಳ ಮುಖ್ಯಾಡಳಿತಗಾರನಾದ ಸೂಪರಿಂಟೆಂಡೆಂಟನನ್ನು ನೇಮಿಸುವವರು, ತೆಗೆದುಹಾಕುವವರು ಅವರೇ. ಆಯವ್ಯಯವನ್ನು ಮಂಜೂರು ಮಾಡುವುದು, ಕಟ್ಟಡ ಕಟ್ಟಿಸುವುದು, ಬಸ್ಸು ಓಡಿಸುವುದು, ಬಹುಪಾಲು ರಾಜ್ಯಗಳಲ್ಲಿ ಮನೆ ಜಮೀನುಗಳ ಮೇಲೆ ಶಾಲೆಗಾಗಿ ತೆರಿಗೆ ವಿಧಿಸುವುದು ಕೂಡ ಅವರದೇ ಅಧಿಕಾರ.

ಅಲ್ಲಿ ‘ಶಾಲಾ ಜಿಲ್ಲೆ’ ಎಂದರೆ ಕಂದಾಯದ ಜಿಲ್ಲೆಯೆಂದು ತಿಳಿಯಬಾರದು. ಒಂದು ನಗರದ, ಒಂದು ಪೇಟೆಯ, ಇಲ್ಲವೆ ನಾಲ್ಕಾರು ಹಳ್ಳಿಗಳ ಸಾರ್ವಜನಿಕ ಶಾಲೆಗಳನ್ನು ಮಾತ್ರ ನೋಡಿಕೊಳ್ಳುವ ಪ್ರತ್ಯೇಕ ಸ್ಥಳೀಯ ಸರಕಾರವದು. ಇದರ ಬೇರು ಬಹು ಹಳೆಯದು. ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಮಕ್ಕಳಿಗೆ ಓದುಬರಹ ಕಲಿಸಲು ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದು ಮ್ಯಾಸಚೂಸೆಟ್ಸ್ ವಸಾಹತು 1647ರಲ್ಲಿಯೇ ಕಾನೂನು ಮಾಡಿತ್ತು. ಊರಿನ ಶಾಲೆ ಊರಿನವರದು ಎಂಬ ಆ ಭಾವನೆ ಎಷ್ಟು ಆಳವಾಗಿ ಬೇರೂರಿತೆಂದರೆ 1939–40ರ ಸುಮಾರಿಗೆ ಆ ದೇಶದಲ್ಲಿ 1,17,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿದ್ದವು. ಚಿಕ್ಕವನ್ನು ದೊಡ್ಡವುಗಳೊಡನೆ ಕೂಡಿಸುತ್ತ ಬಂದುದರಿಂದ ಇಂದು ಸುಮಾರು 13,000 ಉಳಿದಿವೆ.

ಮಕ್ಕಳನ್ನು ಬಲ್ಲವರೇ ಶಾಲೆಯನ್ನು ಆಳಬೇಕು ಎಂಬ ತತ್ತ್ವಕ್ಕಿಂತ ಸೊಗಸಾದುದು ಶಿಕ್ಷಣದ ಆಡಳಿತದಲ್ಲಿ ಮತ್ತೊಂದಿರಲಾರದು. ಆದರೆ ಮತವನ್ನು ಕೇಳಿ ಅಧಿಕಾರಕ್ಕೆ ಬರುವ ಯಾವ ಸಂಸ್ಥೆಗಾದರೂ ಒಂದು ಸಹಜ ದೌರ್ಬಲ್ಯವುಂಟು. ಮತದಾರನ ಕಣ್ಣಿಗೆ ಬೀಳುವ ಕೆಲಸಕ್ಕೆ ಅದು ಧಾರಾಳವಾಗಿ ಖರ್ಚು ಮಾಡುತ್ತದೆ. ಕಣ್ಣಿಗೆ ಬೀಳದ ಕಡೆ ಉಳಿತಾಯ ಮಾಡುತ್ತದೆ. ಮಕ್ಕಳ ಪ್ರಾಣರಕ್ಷಣೆಗೆ ಬೇಕಾದುದೆಲ್ಲ ಬಹುಮಟ್ಟಿಗೆ ಈ ಎರಡನೆಯ ಜಾತಿಯದು. ಗೋಡೆಯೊಳಗಿನ ತಂತಿ, ನೆಲದಡಿಯ ಕೊಳವೆ, ಬಾಗಿಲ ಬೀಗ ಇವನ್ನು ತೋರಿಸಿ ಮತ ಕೇಳಿದ ಅಭ್ಯರ್ಥಿ ಯಾವ ಊರಿನಲ್ಲಿಯೂ ಅಪರೂಪವೇ.

ಈ ಮಾತಿಗೆ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ಊರಿನ ಶಾಲೆಗಿಂತ ದಾರುಣವಾದ ಸಾಕ್ಷಿ ಬೇಕಿಲ್ಲ. ರಾಜ್ಯದ ಪೂರ್ವ ಭಾಗದ ರಸ್ಕ್ ಕೌಂಟಿಯಲ್ಲಿ 1930ರಲ್ಲಿ ಭಾರಿ ತೈಲ ನಿಕ್ಷೇಪ ದೊರೆಯಿತು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿದ್ದ ಕಾಲದಲ್ಲಿ ಅಲ್ಲಿನ ಶಾಲಾ ಜಿಲ್ಲೆಯ ಬೊಕ್ಕಸಕ್ಕೆ ತೈಲದ ತೆರಿಗೆ ಹರಿದುಬಂದಿತು. ದೇಶದ ಗ್ರಾಮೀಣ ಶಾಲಾ ಜಿಲ್ಲೆಗಳಲ್ಲಿಯೇ ಅತ್ಯಂತ ಸಿರಿವಂತವಾದವುಗಳಲ್ಲಿ ಒಂದೆಂದು ಅದು ಹೆಸರಾಯಿತು. 1932ರಲ್ಲಿ ಉಕ್ಕಿನ ಚೌಕಟ್ಟಿನ ವಿಶಾಲವಾದ ಶಾಲಾ ಕಟ್ಟಡವೆದ್ದಿತು. ರಾತ್ರಿಯ ಹೊತ್ತು ಫುಟ್‌ಬಾಲ್ ಆಡಲು ವಿದ್ಯುದ್ದೀಪಗಳ ಕ್ರೀಡಾಂಗಣವೂ ಬಂದಿತು. ಅಂಥದು ಆ ರಾಜ್ಯದಲ್ಲಿ ಆಗಿನ್ನೂ ತೀರ ವಿರಳ. ಇವೆಲ್ಲ ಊರಿನವರು ಕಂಡು ಹೆಮ್ಮೆಪಡುವಂಥವು.

ಕಾಣದಿದ್ದ ಕಡೆಯ ಕಥೆಯೇ ಬೇರೆ. ಒಂದೇ ಕಡೆ ನೀರು ಕಾಯಿಸಿ ಅದರ ಉಗಿಯಿಂದ ಇಡೀ ಕಟ್ಟಡವನ್ನು ಬೆಚ್ಚಗಿಡುವ ಏರ್ಪಾಡು ವಾಸ್ತುಶಿಲ್ಪಿಯ ಮೂಲ ಯೋಜನೆಯಲ್ಲಿತ್ತು. ಮಂಡಲಿ ಅದನ್ನು ಕೈಬಿಟ್ಟು, ಅನಿಲದಿಂದ ಉರಿಯುವ 72 ಪ್ರತ್ಯೇಕ ಒಲೆಗಳನ್ನು ಕಟ್ಟಡದ ಉದ್ದಕ್ಕೂ ಇಡಿಸಿತು. 1937ರ ಆರಂಭದಲ್ಲಿ ಮತ್ತೊಂದು ಉಳಿತಾಯ ಹೊಳೆಯಿತು. ಅನಿಲ ಒದಗಿಸುತ್ತಿದ್ದ ಕಂಪನಿಗೆ ತಿಂಗಳಿಗೆ 250ರಿಂದ 300 ಡಾಲರುಗಳಷ್ಟು ತೆರಬೇಕಾಗಿತ್ತು. ತೈಲಬಾವಿಯ ಅನಿಲದಿಂದ ಗ್ಯಾಸೋಲಿನ್ ತೆಗೆದುಕೊಂಡ ಮೇಲೆ ಉಳಿಯುವ ನಿಸ್ಸಾರ ಅನಿಲವನ್ನು ಆ ಸೀಮೆಯಲ್ಲಿ ವ್ಯರ್ಥವೆಂದು ಸುಟ್ಟುಬಿಡುತ್ತಿದ್ದರು. ಮನೆಗಳವರು, ಚರ್ಚುಗಳವರು ಆ ಕೊಳವೆಗೆ ತೂತು ಕೊರೆದು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಿದ್ದರು. ಕಂಪನಿಗಳೂ ಕಂಡೂ ಕಾಣದಂತಿದ್ದವು. ಶಾಲೆಯೂ ಕಂಪನಿಯೊಡನಿದ್ದ ಕರಾರನ್ನು ರದ್ದುಪಡಿಸಿ ಹಾಗೆಯೇ ಮಾಡಿತು. ಇದನ್ನು ಕಳ್ಳತನವೆನ್ನುವವರು ಆಗ ಯಾರೂ ಇರಲಿಲ್ಲ. ತೆರಿಗೆದಾರನ ಹಣ ಉಳಿಸಿದ ದಕ್ಷತೆಯೆಂದು ಮೆಚ್ಚಿದವರೇ ಇದ್ದಿರಬೇಕು.

ಸಹಜಾನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸೋರಿದ ಅನಿಲ ಕಟ್ಟಡದ ನೆಲದಡಿ ಗಾಳಿಯಾಡದೆ ಮುಚ್ಚಿಕೊಂಡಿದ್ದ ಪೊಳ್ಳಿನಲ್ಲಿ ದಿನದಿನಕ್ಕೂ ಶೇಖರವಾಗುತ್ತ ಬಂದಿತು. ಮಕ್ಕಳು ತಲೆನೋವೆಂದು ಹೇಳಿಕೊಂಡದ್ದುಂಟು. ಅದಕ್ಕೆ ಯಾರೂ ಹೆಚ್ಚಿನ ಗಮನ ಕೊಡಲಿಲ್ಲ. 1937ರ ಮಾರ್ಚ್ 18ನೆಯ ತಾರೀಖು, ಗುರುವಾರ, ಮಧ್ಯಾಹ್ನ ಮೂರು ಗಂಟೆಯ ಮೇಲೆ, ಮರಗೆಲಸ ಕಲಿಸುವ ಕೋಣೆಯಲ್ಲಿ ಉಪಾಧ್ಯಾಯರೊಬ್ಬರು ಉಜ್ಜುವ ಯಂತ್ರದ ಗುಂಡಿಯನ್ನೊತ್ತಿದರು. ಅದರ ಕಿಡಿಯೊಂದು ಸಾಕಾಯಿತು. ಕಟ್ಟಡ ಮೇಲಕ್ಕೆದ್ದು ಕುಸಿದು ಬಿದ್ದಿತು. ಶಾಲೆ ಬಿಡಲು ಇನ್ನು ಕೆಲವೇ ನಿಮಿಷಗಳಿದ್ದವು. ಕಿರಿಯ ತರಗತಿಗಳ ಮಕ್ಕಳು ಆಗಲೇ ಹೊರಟಿದ್ದರು. ಸುಮಾರು ನೂರು ಅಡಿಗಳಾಚೆಯ ವ್ಯಾಯಾಮಶಾಲೆಯಲ್ಲಿ ಪಾಲಕ-ಶಿಕ್ಷಕರ ಸಂಘದ ಸಭೆಗೆಂದು ತಾಯಂದಿರು ನೆರೆದಿದ್ದರು. ಬರಿಗೈಯಿಂದ ಅವಶೇಷವನ್ನು ಬಗೆಯಲು ಮೊದಲು ಓಡಿಬಂದವರಲ್ಲಿ ಅವರೂ ಇದ್ದರು. ತೈಲಬಾವಿಗಳ ಕೆಲಸಗಾರರು ತಮ್ಮ ಭಾರದ ಯಂತ್ರಗಳೊಡನೆ ಬಂದು ಇರುಳಿಡೀ ದುಡಿದರು. ಅವರಲ್ಲಿ ಎಷ್ಟೋ ಜನ ಅಗೆದದ್ದು ತಮ್ಮ ಮಕ್ಕಳಿಗಾಗಿಯೇ. ಮಡಿದವರು ಸುಮಾರು 300 ಮಂದಿ. ಅಮೆರಿಕದ ಶಾಲೆಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ಇಂದಿನವರೆಗೂ ನಡೆದಿಲ್ಲ. ತೈಲವೂ ಅನಿಲವೂ ಈ ಸೀಮೆಗೆ ದೊರೆತ ವರಗಳು, ಅವಿಲ್ಲದಿದ್ದರೆ ಈ ಶಾಲೆಯೇ ಇರುತ್ತಿರಲಿಲ್ಲ ಎಂಬ ಅರ್ಥದ ಪಾಠವೊಂದು ಬರೆದಿದ್ದ ಕಪ್ಪುಹಲಗೆ ಆ ಅವಶೇಷಗಳಲ್ಲಿ ಸಿಕ್ಕಿತೆಂದು ಅಂದಿನ ವರದಿಗಳು ತಿಳಿಸುತ್ತವೆ.

ವಿಚಾರಣೆ ನಡೆಯಿತು. ಯಾವ ಒಬ್ಬ ವ್ಯಕ್ತಿಯ ಮೇಲೂ ಹೊಣೆ ಹೊರಿಸಲಾಗಲಿಲ್ಲ. ಹೂಡಿದ ದಾವೆಗಳೂ ನಿಲ್ಲಲಿಲ್ಲ. ಸೂಪರಿಂಟೆಂಡೆಂಟನ ಮಗನೇ ಸತ್ತವರಲ್ಲಿ ಒಬ್ಬನಾಗಿದ್ದ. ಜನರ ಆಕ್ರೋಶಕ್ಕೆ ಮಣಿದು ಆತ ರಾಜೀನಾಮೆ ಕೊಟ್ಟ. ಈ ಸಂಗತಿಯನ್ನು ಗಮನವಿಟ್ಟು ನೋಡಬೇಕು. ಮಂಡಲಿಯಲ್ಲಿದ್ದವರು ದುಷ್ಟರಲ್ಲ, ಹಣ ತಿಂದವರಲ್ಲ, ಮಕ್ಕಳ ಬಗ್ಗೆ ಅಕ್ಕರೆಯಿಲ್ಲದವರಂತೂ ಅಲ್ಲವೇ ಅಲ್ಲ. ಸ್ಥಳೀಯ ಆಡಳಿತದ ಪರವಾಗಿ ಹೇಳಲಾಗುವ ಎಲ್ಲ ಗುಣಗಳೂ ಅಲ್ಲಿದ್ದವು. ಇಲ್ಲದಿದ್ದುದು ಅನಿಲದ ಸ್ವಭಾವವನ್ನು ಬಲ್ಲ, ‘ಹೀಗೆ ಮಾಡಕೂಡದು’ ಎಂದು ಮಂಡಲಿಗೆ ಹೇಳಬಲ್ಲ, ಹಾಗೆ ಹೇಳಿದ್ದಕ್ಕಾಗಿ ಮಂಡಲಿಯಿಂದ ಕೆಲಸ ಕಳೆದುಕೊಳ್ಳದ ಒಬ್ಬ ತಜ್ಞ. ಬಡತನವನ್ನು ಹಳಿಯುವಂತೆಯೂ ಇಲ್ಲ. ಬೊಕ್ಕಸ ತುಂಬಿದ್ದ ಜಿಲ್ಲೆ ತಿಂಗಳಿಗೆ 300 ಡಾಲರು ಉಳಿಸಹೋಗಿ ಒಂದು ತಲೆಮಾರನ್ನು ಕಳೆದುಕೊಂಡಿತು.

ಟೆಕ್ಸಾಸಿನ ಶಾಸನಸಭೆ ಅದೇ ವರ್ಷ ಎರಡು ಕಾನೂನುಗಳನ್ನು ಮಾಡಿತು. ಬಳಕೆಗೆ ಕೊಡುವ ಅನಿಲಕ್ಕೆ ದುರ್ವಾಸನೆಯ ದ್ರವ್ಯವನ್ನು ಬೆರೆಸಲೇಬೇಕೆಂಬುದು ಒಂದು. ನೋಂದಾಯಿತರಲ್ಲದವರು ಇಂಜಿನಿಯರುಗಳೆಂದು ಕೆಲಸ ಮಾಡಕೂಡದೆಂಬುದು ಇನ್ನೊಂದು. ಎರಡೂ ಶಾಲಾ ಮಂಡಲಿಯ ವಿವೇಚನೆಗೆ ಏನನ್ನೂ ಬಿಡದ ಕಾನೂನುಗಳು ಎಂಬುದು ಗಮನಾರ್ಹ.

ಇಂಥ ಕಾನೂನಿನ ಬೆಲೆಯೇನೆಂದು ಕ್ಯಾಲಿಫೋರ್ನಿಯಾ ನಾಲ್ಕು ವರ್ಷಗಳ ಮೊದಲೇ ಕಂಡುಕೊಂಡಿತ್ತು. 1933ರ ಮಾರ್ಚ್ 10ರಂದು ಸಂಜೆ ಆರು ಗಂಟೆಗೆ ಕೆಲವೇ ನಿಮಿಷಗಳಿರುವಾಗ ಲಾಂಗ್ ಬೀಚ್ ನಗರದ ಸುತ್ತ ಭೂಮಿ ನಡುಗಿತು. ಎಪ್ಪತ್ತು ಶಾಲೆಗಳು ನೆಲಸಮವಾದವು. ನೂರಿಪ್ಪತ್ತಕ್ಕೆ ಭಾರಿ ಜಖಂ ಆಯಿತು. ಮಕ್ಕಳು ಮನೆ ಸೇರಿದ್ದ ಹೊತ್ತಾದುದರಿಂದ ಸಾವಿರಾರು ಜೀವಗಳು ಉಳಿದವು. ಅಂದಚಂದದ ಮುಂಭಾಗ, ಕಮಾನು, ಕಂಬಗಳಿಗೆ ಸುರಿದ ಹಣ ಗೋಡೆಯೊಳಗಿನ ಬಲಕ್ಕೆ ಹೋಗಿರಲಿಲ್ಲವೆಂಬುದು ಬಿದ್ದ ಇಟ್ಟಿಗೆಗಳಿಂದಲೇ ತಿಳಿಯುವಂತಿತ್ತು. ತಿಂಗಳೊಪ್ಪತ್ತಿನಲ್ಲಿ, ಏಪ್ರಿಲ್ 10ರಂದು, ಫೀಲ್ಡ್ ಆಕ್ಟ್ ಎಂಬ ಶಾಸನ ಜಾರಿಗೆ ಬಂದಿತು. ಅಲ್ಲಿಂದ ಮುಂದೆ ಸಾರ್ವಜನಿಕ ಶಾಲೆಯ ನಕ್ಷೆಯನ್ನು ರಾಜ್ಯದ ವಾಸ್ತುಶಿಲ್ಪಿಯ ಕಛೇರಿ ಪರೀಕ್ಷಿಸಿ ಒಪ್ಪಬೇಕು. ಕಟ್ಟುವಾಗ ಸ್ಥಳದಲ್ಲಿಯೇ ತಪಾಸಣೆಗಾರನಿರಬೇಕು. ಶಾಲೆ ಎಲ್ಲಿ ಬೇಕು, ಎಷ್ಟು ಕೋಣೆ ಬೇಕು ಎಂಬುದನ್ನು ಸ್ಥಳೀಯ ಮಂಡಲಿಯೇ ನಿರ್ಧರಿಸುತ್ತದೆ; ಗೋಡೆ ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಮಾತ್ರ ಮತಕ್ಕೆ ಹಾಕುವಂತಿಲ್ಲ. ಆ ಶಾಸನದಂತೆ ಕಟ್ಟಿದ ಶಾಲೆಗಳು ಆಮೇಲಿನ ಭೂಕಂಪಗಳನ್ನು ತಾಳಿಕೊಂಡು ನಿಂತಿವೆ.

ಕಾನೂನು ಇಷ್ಟು ಮಾಡಬಲ್ಲದು. ಉಳಿದದ್ದು ಆರಿಸುವವರಿಗೂ ಆರಿಸಿಬಂದವರಿಗೂ ಸೇರಿದ ಮಾತು. ಆದರೆ ಆರಿಸುವವರು ಬರುವುದೇ ಇಲ್ಲ. ಶಾಲೆಯನ್ನು ಪಕ್ಷ ರಾಜಕೀಯದಿಂದ ದೂರವಿಡಬೇಕೆಂಬ ಸದುದ್ದೇಶದಿಂದ ಇಪ್ಪತ್ತನೆಯ ಶತಮಾನದ ಆರಂಭದ ಸುಧಾರಕರು ಶಾಲಾ ಮಂಡಲಿಯ ಚುನಾವಣೆಯನ್ನು ಇತರ ಚುನಾವಣೆಗಳಿಂದ ಬೇರ್ಪಡಿಸಿ, ಪಕ್ಷದ ಹೆಸರಿಲ್ಲದೆ, ಬೇರೆ ದಿನ ನಡೆಸುವ ಪದ್ಧತಿಯನ್ನು ಬಳಕೆಗೆ ತಂದರು. ರಾಜಕೀಯ ದೂರವಾಯಿತೋ ಇಲ್ಲವೋ, ಮತದಾರನಂತೂ ದೂರವಾದ. ಹೀಗೆ ಪ್ರತ್ಯೇಕವಾಗಿ ನಡೆಯುವ ಚುನಾವಣೆಗಳಲ್ಲಿ ನೂರಕ್ಕೆ ಹತ್ತು ಜನ ಕೂಡ ಮತಗಟ್ಟೆಗೆ ಬಾರದಿರುವುದು ಸಾಮಾನ್ಯ ಸಂಗತಿಯಾಗಿದೆ. ಮತದಾರರು ವಿರಳವಾದಲ್ಲಿ ಸಂಘಟಿತವಾದ ಸಣ್ಣ ಗುಂಪೇ ಊರಿನ ಧ್ವನಿಯೆನಿಸಿಕೊಳ್ಳುತ್ತದೆ. 2020ರಿಂದೀಚೆಗೆ ಸಾಂಕ್ರಾಮಿಕದ ಮುಖಗವುಸು, ಗ್ರಂಥಾಲಯದಲ್ಲಿ ಇರಬಹುದಾದ ಪುಸ್ತಕ, ಇತಿಹಾಸದ ಪಾಠ ಇವುಗಳ ಮೇಲೆ ಮಂಡಲಿಯ ಸಭೆಗಳಲ್ಲಿ ಭಾರಿ ಗದ್ದಲವೆದ್ದಿದೆ. ಆ ವಿಷಯಗಳು ಕ್ಷುಲ್ಲಕವೆನ್ನಲಾಗದು. ಆದರೆ ಮಧ್ಯರಾತ್ರಿಯವರೆಗೆ ಒಂದು ಪುಸ್ತಕಕ್ಕಾಗಿ ಹೋರಾಡುವ ಊರಿನಲ್ಲಿ, ಆ ಪುಸ್ತಕವಿರುವ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ಕೇಳಿದವರು ಎಷ್ಟು ಮಂದಿ?

ಬಾಗಿಲ ಮಾತು ಅಲಂಕಾರಕ್ಕಾಗಿ ಆಡಿದ್ದಲ್ಲ. ಅದೇ ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ರಾಬ್ ಪ್ರಾಥಮಿಕ ಶಾಲೆಯಲ್ಲಿ 2022ರ ಮೇ 24ರಂದು ಬಂದೂಕುಧಾರಿಯೊಬ್ಬ 19 ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಕೊಂದ. ರಾಜ್ಯದ ಶಾಸನಸಭೆಯ ಸಮಿತಿ ಜುಲೈ ತಿಂಗಳಲ್ಲಿ ಕೊಟ್ಟ ವರದಿಯಲ್ಲಿ ಒಂದು ಕೋಣೆಯ ಬೀಗದ ವೃತ್ತಾಂತವಿದೆ. 111ನೆಯ ಕೋಣೆಯ ಬಾಗಿಲು ಸರಿಯಾಗಿ ಬೀಗ ಹಿಡಿಯುವುದಿಲ್ಲವೆಂಬುದು ಶಾಲೆಯಲ್ಲಿ ಅನೇಕರಿಗೆ ಗೊತ್ತಿತ್ತು. ಆದರೆ ಅದನ್ನು ದುರಸ್ತಿ ಮಾಡಿಸಲು ಲಿಖಿತ ಬೇಡಿಕೆಯೊಂದು ಹೋಗಿರಲಿಲ್ಲ. ಕೊಲೆಗಾರ ಒಳಹೊಕ್ಕಿದ್ದು ಬಹುಶಃ ಆ ಬಾಗಿಲಿನಿಂದಲೇ ಎಂಬುದು ಸಮಿತಿಯ ಅಭಿಪ್ರಾಯ. ಆ ಶಾಲಾ ಜಿಲ್ಲೆಗೆ ಮಂಡಲಿಯ ಅಧೀನದಲ್ಲಿಯೇ ತನ್ನದೊಂದು ಪೊಲೀಸು ದಳವಿತ್ತು. ಇಂಥ ಸಂದರ್ಭದಲ್ಲಿ ಏನು ಮಾಡಬೇಕೆಂಬ ಲಿಖಿತ ಯೋಜನೆಯೂ ಇತ್ತು. ನಾನಾ ಇಲಾಖೆಗಳ 376 ಅಧಿಕಾರಿಗಳು ಬಂದು ಸೇರಿದರು. ಆದರೂ ಕೋಣೆಯೊಳಗೆ ನುಗ್ಗಲು ಹಿಡಿದದ್ದು ಒಂದು ಗಂಟೆಗೂ ಮಿಕ್ಕಿದ ಕಾಲ. ಮೂರು ತಿಂಗಳು ಕಳೆದು, ಆಗಸ್ಟ್ 24ರಂದು, ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ಎದುರಿನಲ್ಲಿ ಮಂಡಲಿ ಸರ್ವಾನುಮತದಿಂದ ತನ್ನ ಪೊಲೀಸು ಮುಖ್ಯಸ್ಥನನ್ನು ವಜಾ ಮಾಡಿತು. ತಡವಾಯಿತೆಂಬ ಟೀಕೆ ಬಂದಿತು. ಹಾಗಿದ್ದರೂ ಒಂದು ಮಾತನ್ನು ಒಪ್ಪಬೇಕು: ಆ ತಂದೆತಾಯಂದಿರಿಗೆ ಎದುರು ನಿಂತು ಉತ್ತರ ಕೇಳಲು ಒಂದು ಸಭೆಯಿತ್ತು, ಮೇಜಿನ ಆಚೆಗೆ ತಾವೇ ಆರಿಸಿದ ಏಳು ಜನರಿದ್ದರು. ಬೇರೆ ಯಾವ ಇಲಾಖೆಯೂ ಅವರಿಗೆ ಅಷ್ಟು ಬೇಗ ಎದುರಿಗೆ ಸಿಕ್ಕಿರಲಿಲ್ಲ.

ಇಷ್ಟೆಲ್ಲ ದೋಷಗಳಿರುವ ಚುನಾವಣೆಯೇ ಬೇಡ, ಸಮರ್ಥರನ್ನು ಮೇಲಿನಿಂದ ನೇಮಿಸಿದರಾಯಿತು ಎನ್ನುವವರು ಅಲ್ಲಿಯೂ ಇದ್ದಾರೆ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಮಾತಿದು. 2023ರ ಜೂನ್ ತಿಂಗಳಲ್ಲಿ ಟೆಕ್ಸಾಸ್ ಸರಕಾರ ಹ್ಯೂಸ್ಟನ್ ನಗರದ ಚುನಾಯಿತ ಶಾಲಾ ಮಂಡಲಿಯನ್ನು ಬದಿಗೆ ಸರಿಸಿ, ತಾನೇ ನೇಮಿಸಿದ ವ್ಯವಸ್ಥಾಪಕರನ್ನು ಕೂಡಿಸಿತು. ವಿದ್ಯಾರ್ಥಿಗಳ ಫಲಿತಾಂಶ ಕುಂದಿದ್ದುದು ಅದಕ್ಕೆ ಮುಖ್ಯ ಕಾರಣ. ಆ ನೇಮಿತ ಮಂಡಲಿ 2024ರ ನವೆಂಬರಿನಲ್ಲಿ ಹಳೆಯ ಶಾಲೆಗಳನ್ನು ಮರಳಿ ಕಟ್ಟಲು, ಹವಾನಿಯಂತ್ರಣವನ್ನೂ ಭದ್ರತೆಯನ್ನೂ ಸುಧಾರಿಸಲು 440 ಕೋಟಿ ಡಾಲರುಗಳ ಸಾಲಪತ್ರಕ್ಕೆ ಜನರ ಸಮ್ಮತಿ ಬೇಡಿತು. ಜನ ನಿರಾಕರಿಸಿದರು. ದುರಸ್ತಿ ಬೇಡವೆಂದಲ್ಲ, ತಾವು ಆರಿಸದವರ ಕೈಗೆ ಹಣ ಕೊಡಲಾರೆವೆಂದು ವಿರೋಧಿಸಿದವರೇ ಅವರಲ್ಲಿ ಬಹಳ. ಮಕ್ಕಳ ಸುರಕ್ಷೆಗೆ ಬೇಕಾದ ಹಣ ಕೊನೆಗೂ ಮತದಾರನ ಜೇಬಿನಿಂದಲೇ ಬರಬೇಕಾದುದರಿಂದ, ಅವನ ವಿಶ್ವಾಸವಿಲ್ಲದ ತಜ್ಞನೂ ತಜ್ಞತೆಯಿಲ್ಲದ ಪ್ರತಿನಿಧಿಯೂ ಸಮಾನವಾಗಿ ನಿರುಪಯೋಗಿಗಳು. ಚುನಾಯಿತ ಮಂಡಲಿ ಇರಲೇಬೇಕು. ಅದರ ಕೈಗೆ ಸಿಗದ ಎತ್ತರದಲ್ಲಿ ಒಂದು ಕಾನೂನು, ಅದಕ್ಕೆ ಹೆದರಬೇಕಾಗಿಲ್ಲದ ಒಬ್ಬ ತಪಾಸಣೆಗಾರ ಇರಬೇಕು. ಶಾಲಾ ಚುನಾವಣೆಯನ್ನು ಇತರ ಚುನಾವಣೆಗಳ ದಿನವೇ ನಡೆಸಿ, ಹತ್ತು ಜನರ ಬದಲು ಐವತ್ತು ಜನರಾದರೂ ಬರುವಂತೆ ಮಾಡುವುದೂ ಅಗತ್ಯ.

ಕರ್ನಾಟಕದಲ್ಲಿ ಶಾಲೆಗಾಗಿ ತೆರಿಗೆ ಹಾಕುವ ಊರಿನ ಮಂಡಲಿಯಿಲ್ಲ. ಆದರೆ ತಂದೆತಾಯಂದಿರ ಕೈಗೆ ಶಾಲೆಯ ಮೇಲ್ವಿಚಾರಣೆಯನ್ನು ಒಪ್ಪಿಸುವ ತತ್ತ್ವ ಇಲ್ಲಿಗೂ ಬಂದಿದೆ. ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಮಕ್ಕಳು ಬಲಿಯಾದ ಮೇಲೆ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಕುಂಭಕೋಣದ್ದು ಖಾಸಗಿಯವರು ನಡೆಸುತ್ತಿದ್ದ ಶಾಲೆ. ಆದುದರಿಂದ ಮಾತು ಚುನಾಯಿತ ಸಮಿತಿಗಳಿಗೆ ಮಾತ್ರ ಅನ್ವಯಿಸತಕ್ಕದ್ದೇನಲ್ಲ, ಧರ್ಮಸಂಸ್ಥೆಗಳೂ ಟ್ರಸ್ಟುಗಳೂ ನಡೆಸುವ ಶಾಲೆಗಳ ಆಡಳಿತ ಮಂಡಲಿಗಳಿಗೂ ಸಲ್ಲುತ್ತದೆ. ಅಲ್ಲಂತೂ ಕೇಳಲು ಮತದಾರನೂ ಇಲ್ಲ.

ಸಮಿತಿಗಳ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದು ಸ್ವಾತಂತ್ರ್ಯೋತ್ಸವದ ಸಿಹಿ, ಕಾಂಪೌಂಡಿನ ಬಣ್ಣ, ದಾನಿಗಳ ಹೆಸರಿನ ಕಲ್ಲು. ಬಿಸಿಯೂಟ ಬೇಯುವ ಶಾಲೆಗಳಲ್ಲಿ ಅಡುಗೆ ಅನಿಲದ ಸಿಲಿಂಡರುಗಳಿವೆ. ಸಿಲಿಂಡರು ಸೋರಿದರೆ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆ ಅನಿಲದ್ದಲ್ಲ. ನ್ಯೂ ಲಂಡನ್ನಿನ ದುರಂತದ ತರುವಾಯ ಟೆಕ್ಸಾಸಿನಲ್ಲಿ ಕಡ್ಡಾಯವಾದ ಜಾತಿಯ ದ್ರವ್ಯವನ್ನೇ ಬೇಕೆಂದು ಬೆರೆಸಿದ್ದರಿಂದ ಬಂದುದು. ಸಿಲಿಂಡರಿಗೂ ಒಲೆಗೂ ನಡುವೆ ಇರುವ ರಬ್ಬರು ಕೊಳವೆಯ ಮೇಲೆ ಅದನ್ನು ತಯಾರಿಸಿದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಬೆಲೆ ಕೆಲವು ನೂರು ರೂಪಾಯಿ. ಆ ವರ್ಷವನ್ನು ಓದಿ ನಡವಳಿ ಪುಸ್ತಕದಲ್ಲಿ ಬರೆದಿಟ್ಟ ಸಮಿತಿಗಳು ಎಲ್ಲೋ ಕೆಲವು ಇರಬಹುದು. ಉಳಿದ ಕಡೆ ಆ ಕೆಲಸ ಅಡುಗೆಯಾಕೆಯ ಮೂಗಿಗೆ ಬಿಟ್ಟದ್ದಾಗಿದೆ.